ಕೂಸು ತಂದ ಬುತ್ತಿ ಆರು ತಿಂಗಳಿಗೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಹಾಲಿಗೆ ಬರವಿಲ್ಲ. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯುದ್ದಕ್ಕೂ ಕಬ್ಬು. ಕಬ್ಬಿದ್ದಲ್ಲಿ ಅದರ ತುದಿಯ ಹಸಿ ಮೇವು, ಮೇವಿದ್ದಲ್ಲಿ ಎಮ್ಮೆ. ಅತ್ತ ಅಥಣಿಯ ಮಡ್ಡಿ ನೆಲದ ಕಡೆ ಖಿಲಾರಿ ದನ, ಕುರಿ, ಆಡು. ಹೊಲವಿಲ್ಲದವರ ಹಿತ್ತಲಲ್ಲೂ ಒಂದು ಎಮ್ಮೆ ಕಟ್ಟಿರುತ್ತಾರೆ. ಬೆಳಗ್ಗೆ, ಸಂಜೆ ಊರ ಡೇರಿಗೆ ಹಾಲು ಹೋಗುತ್ತದೆ, ಮನೆಗೆ ಬೇಕಾದಷ್ಟು ಮನೆಯಲ್ಲೇ ಉಳಿಯುತ್ತದೆ. ಹೀಗಾಗಿ ಇಲ್ಲಿ ಕೂಸಿಗೆ ದನದ ಹಾಲು ಕುಡಿಸಬೇಕೋ ಬೇಡವೋ ಎಂದು ಕೇಳುವವರು ಕಡಿಮೆ. ಮೂರನೆಯ ತಿಂಗಳೋ ನಾಲ್ಕನೆಯ ತಿಂಗಳೋ, ಕೂಸು ರಾತ್ರಿ ಎದ್ದೆದ್ದು ಅಳತೊಡಗಿದರೆ ಸಾಕು, "ಅವ್ವನ ಹಾಲ ಸಾಲವಲ್ದು, ಹೊಟ್ಟಿ ತುಂಬವಲ್ದು" ಎಂಬ ತೀರ್ಮಾನ ಹಿರಿಯರಿಂದ ಬರುತ್ತದೆ. ಆಮೇಲೆ ಡಾಕ್ಟರ ಮುಂದೆ ಬರುವ ಪ್ರಶ್ನೆ ಒಂದೇ: "ಎಷ್ಟ ನೀರ ಬೆರಸಿ ಕುಡಸೂಣ್ರೀ?"

ನೀರಿನ ಲೆಕ್ಕಕ್ಕಿಂತ ಮೊದಲು ತಿಂಗಳ ಲೆಕ್ಕ ಆಗಬೇಕು. ಹುಟ್ಟಿದಂದಿನಿಂದ ಆರು ತಿಂಗಳು ತುಂಬುವತನಕ ತಾಯಿಯ ಹಾಲು ಮಾತ್ರ, ಬಿರುಬೇಸಿಗೆಯಲ್ಲೂ ಒಂದು ಚಮಚ ನೀರು ಬೇಡ. ಆರರಿಂದ ಹನ್ನೆರಡು ತಿಂಗಳವರೆಗೆ ತಾಯಿಯ ಹಾಲಿನ ಜೊತೆಗೆ ಮೆತ್ತಗೆ ಬೇಯಿಸಿದ ಊಟ. ಆ ಊಟದೊಳಗೆ ಒಂದೆರಡು ಚಮಚ ಮೊಸರೋ ಹಾಲೋ ಸೇರಿದರೆ ತೊಂದರೆಯಿಲ್ಲ. ಆಕಳ ಹಾಲು ಅಥವಾ ಎಮ್ಮೆಯ ಹಾಲು ಬಟ್ಟಲಲ್ಲಿ ಕುಡಿಯುವ ಪಾನೀಯವಾಗಿ ಬರಬೇಕಾದದ್ದು ಮೊದಲ ಹುಟ್ಟುಹಬ್ಬ ಕಳೆದ ಮೇಲೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಹೇಳುವುದು ಇದನ್ನೇ. ನಮ್ಮ ಮಕ್ಕಳ ವೈದ್ಯರ ಮಾತೂ ಇದೇ. ಆದರೆ ಹೀಗೆ ಗೆರೆ ಎಳೆದು ಹೇಳಿಬಿಟ್ಟರೆ ಮನೆಯ ಹಿರಿಯರಿಗೆ ಸಮಾಧಾನ ಆಗುವುದಿಲ್ಲ, ಆಗಲೂಬಾರದು. ನಮ್ಮ ಹಟ್ಟಿಯಲ್ಲೇ ಕರೆದ, ನೊರೆ ಆರದ, ಕಲಬೆರಕೆ ಇಲ್ಲದ ಹಾಲು ಕೂಸಿಗೆ ಹೇಗೆ ಕೆಟ್ಟದ್ದಾದೀತು ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನೆಟ್ಟಗೆ ಉತ್ತರ ಸಿಗಬೇಕು.

ಉತ್ತರ ಇರುವುದು ಹಾಲಿನಲ್ಲಿ ಇಲ್ಲದ ಒಂದು ವಸ್ತುವಿನಲ್ಲಿ. ಅದು ಕಬ್ಬಿಣ.

ಬಾಸೆಲ್ ನಗರದಲ್ಲಿದ್ದ ಗುಸ್ತಾವ್ ಫಾನ್ ಬುಂಗೆ ಎಂಬ ಶರೀರವಿಜ್ಞಾನಿ 19ನೆಯ ಶತಮಾನದ ಕೊನೆಯಲ್ಲಿ ಬೇರೆ ಬೇರೆ ಪ್ರಾಣಿಗಳ ಹಾಲನ್ನು ಸುಟ್ಟು ಬೂದಿಯಲ್ಲಿ ಏನೇನಿದೆ ಎಂದು ಅಳೆದ. ಬೆಳೆಯುವ ಮರಿಗೆ ಬೇಕಾದ ಖನಿಜಗಳೆಲ್ಲ ಹಾಲಿನಲ್ಲಿ ಹದವಾಗಿದ್ದವು, ಕಬ್ಬಿಣವೊಂದು ಮಾತ್ರ ತೀರ ಕಡಿಮೆ. ಹಾಲನ್ನೇ ಕುಡಿದು ಬೆಳೆಯುವ ಮರಿ ಕಬ್ಬಿಣ ಎಲ್ಲಿಂದ ತರುತ್ತದೆ? ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ತಂದುಕೊಳ್ಳುತ್ತದೆ ಎಂಬುದನ್ನು ಬುಂಗೆ ಕಂಡುಕೊಂಡ. ತವರಿನಿಂದ ಕಟ್ಟಿಕೊಟ್ಟ ಬುತ್ತಿಯ ಹಾಗೆ, ದಿನ ತುಂಬಿ ಹುಟ್ಟಿದ ಮಗು ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣವನ್ನು ಮೈಯಲ್ಲಿ ಹೊತ್ತುಕೊಂಡೇ ಬರುತ್ತದೆ. ಬಹುಪಾಲು ರಕ್ತದ ಹಿಮೋಗ್ಲೋಬಿನ್ನಿನಲ್ಲಿ, ಉಳಿದದ್ದು ಯಕೃತ್ತಿನಲ್ಲಿ. ಐದು ತಿಂಗಳಿಗೆ ಕೂಸಿನ ತೂಕ ಇಮ್ಮಡಿ, ವರ್ಷಕ್ಕೆ ಮುಮ್ಮಡಿ. ತೂಕದೊಂದಿಗೆ ರಕ್ತವೂ ಹೆಚ್ಚಬೇಕು, ಹೊಸ ರಕ್ತಕ್ಕೆ ಹೊಸ ಕಬ್ಬಿಣ ಬೇಕು. ಆರು ತಿಂಗಳ ಹೊತ್ತಿಗೆ ಬುತ್ತಿ ಬರಿದಾಗುತ್ತ ಬರುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ತಾಯಿಯ ಹಾಲಿನಲ್ಲೂ ಕಬ್ಬಿಣ ಹೆಚ್ಚಿಲ್ಲ. ಲೀಟರಿಗೆ ಅರ್ಧ ಮಿಲಿಗ್ರಾಮಿಗಿಂತ ಕಡಿಮೆ. ಆಕಳ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಇರುವುದು ಕರುಳು ಅದನ್ನು ಹೀರುವ ರೀತಿಯಲ್ಲಿ. ತಾಯಿಯ ಹಾಲಿನ ಕಬ್ಬಿಣದಲ್ಲಿ ಅರ್ಧದಷ್ಟು ಮೈಗೆ ಸೇರುತ್ತದೆ, ಆಕಳ ಹಾಲಿನದರಲ್ಲಿ ಹತ್ತರಲ್ಲಿ ಒಂದು ಪಾಲು ಸೇರಿದರೆ ಹೆಚ್ಚು. ಆಕಳ ಹಾಲಿನ ಕ್ಯಾಲ್ಸಿಯಂ ಮತ್ತು ಕೇಸಿನ್ ಎಂಬ ಪ್ರೋಟೀನು, ಜೊತೆಗೆ ತಿಂದ ಬೇಳೆ-ಕಾಳಿನ ಕಬ್ಬಿಣವನ್ನೂ ತಡೆಯುತ್ತವೆ. ಹೀಗಾಗಿ ಆರು ತಿಂಗಳ ನಂತರ ತಾಯಿಯ ಹಾಲು ಕುಡಿಯುವ ಕೂಸಿಗೂ ಊಟದಿಂದ ಕಬ್ಬಿಣ ಬೇಕೇಬೇಕು. ಆದರೆ ತಾಯಿಯ ಹಾಲು ಆ ಊಟಕ್ಕೆ ಅಡ್ಡ ಬರುವುದಿಲ್ಲ, ದನದ ಹಾಲು ಬರುತ್ತದೆ.

ಇದಕ್ಕಿಂತ ಆತಂಕದ ಇನ್ನೊಂದು ಸಂಗತಿ ಇದೆ. ಅಮೆರಿಕದ ಐಯೋವಾ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ಯುಯೆಲ್ ಫೋಮನ್, ಎಕ್‌ಹಾರ್ಡ್ ಝೀಗ್ಲರ್ ಎಂಬ ಮಕ್ಕಳ ವೈದ್ಯರು 1980 ಮತ್ತು 90ರ ದಶಕಗಳಲ್ಲಿ ಆರೋಗ್ಯವಂತ ಕೂಸುಗಳಿಗೆ ಆಕಳ ಹಾಲು ಕೊಟ್ಟು ಅವುಗಳ ಮಲವನ್ನು ಪರೀಕ್ಷಿಸಿದರು. ಅಲರ್ಜಿಯಿಲ್ಲದ, ಯಾವ ತೊಂದರೆಯೂ ಕಾಣದ ಕೂಸುಗಳಲ್ಲೇ ಸುಮಾರು ನೂರಕ್ಕೆ 40ರಷ್ಟು ಮಕ್ಕಳ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುತ್ತಿತ್ತು. ಲಂಗೋಟಿಯಲ್ಲಿ ಕೆಂಪು ಕಾಣುವುದಿಲ್ಲ, ಕೂಸಿಗೆ ನೋವಿಲ್ಲ, ಮನೆಯವರಿಗೆ ಸುಳಿವಿಲ್ಲ. ಆದರೆ ದಿನಕ್ಕೆ ಒಂದು ಮಿಲಿಗ್ರಾಮಿಗಿಂತ ಕಡಿಮೆ ಕಬ್ಬಿಣ ಗಳಿಸುವ ಜೀವಕ್ಕೆ ಆ ಸಣ್ಣ ಸೋರಿಕೆಯೂ ದೊಡ್ಡದು. ಕೂಸು ಬೆಳೆದಂತೆ ಈ ಸೋರಿಕೆ ಕಡಿಮೆಯಾಗುತ್ತದೆ, ವರ್ಷ ತುಂಬುವ ಹೊತ್ತಿಗೆ ನಿಂತುಹೋಗುತ್ತದೆ. ಹನ್ನೆರಡು ತಿಂಗಳೆಂಬ ಗೆರೆಗೆ ಇರುವ ಗಟ್ಟಿ ಆಧಾರಗಳಲ್ಲಿ ಇದೊಂದು.

ಕಬ್ಬಿಣ ತೀರ ಕಡಿಮೆಯಿರುವ ಹಾಲು, ಇದ್ದುದೂ ಮೈಗೆ ಸೇರದ ಸ್ಥಿತಿ, ಸೇರಿದ್ದೂ ಕರುಳಿನಿಂದ ಸೋರುವುದು. ಇವು ಮೂರರ ಮೇಲೆ ನಾಲ್ಕನೆಯದೊಂದಿದೆ, ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಎಮ್ಮೆಯ ಹಾಲು ಕುಡಿದ ಕೂಸಿಗೆ ಹಸಿವಾಗುವುದಿಲ್ಲ. ತಾಯಿಯ ಹಾಲಿನಲ್ಲಿ 100 ಮಿಲಿಲೀಟರಿಗೆ ಪ್ರೋಟೀನು ಸುಮಾರು ಒಂದು ಗ್ರಾಂ; ಆಕಳ ಹಾಲಿನಲ್ಲಿ ಮೂರು ಗ್ರಾಮಿಗೂ ಹೆಚ್ಚು, ಎಮ್ಮೆಯದರಲ್ಲಿ ನಾಲ್ಕರ ಆಸುಪಾಸು. ಕೊಬ್ಬು ತಾಯಿಯ ಹಾಲಿನಲ್ಲಿ ನಾಲ್ಕು ಗ್ರಾಂ ಇದ್ದರೆ ಎಮ್ಮೆಯದರಲ್ಲಿ ಏಳರವರೆಗೆ ಹೋಗುತ್ತದೆ. ಗಟ್ಟಿ ಹಾಲು ಹೊಟ್ಟೆಯಲ್ಲಿ ಗಟ್ಟಿ ಮೊಸರಾಗಿ ಕೂರುತ್ತದೆ. ಎಂಟು ತಿಂಗಳ ಕೂಸು ಒಂದು ಬಾಟಲಿ ಎಮ್ಮೆ ಹಾಲು ಕುಡಿದು ಮೂರು ತಾಸು ಮಲಗಿದರೆ, ಆ ಮೂರು ತಾಸಿನಲ್ಲಿ ತಿನ್ನಬಹುದಾಗಿದ್ದ ಬೇಳೆ, ಪಲ್ಯ, ತತ್ತಿ ಬಾಯಿಗೆ ಹೋಗುವುದಿಲ್ಲ. ಎದ್ದಾಗ ಮತ್ತೆ ಹಾಲು. ಇಂಥ ಕೂಸು ದುಂಡುದುಂಡಗೆ ಬೆಳೆಯುತ್ತದೆ, ನೋಡಿದವರೆಲ್ಲ ದೃಷ್ಟಿ ತೆಗೆಯುತ್ತಾರೆ. ಅದರ ಅಂಗೈ ಬಿಡಿಸಿ ನೋಡಿದರೆ ಮಾತ್ರ ಬಿಳಚಿಕೊಂಡಿರುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಗೋಡೆಯ ಮಣ್ಣು ಕೆರೆದು ತಿನ್ನತೊಡಗುತ್ತದೆ. ತೂಕ ಸರಿಯಾಗಿದೆ ಎಂಬ ಸಮಾಧಾನದಲ್ಲಿ ರಕ್ತವನ್ನು ಯಾರೂ ನೋಡಿರುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಇದು ಸುಮಾರು 61 ಇತ್ತು. ಕಡಿಮೆಯಾಗುವ ಬದಲು ಏರಿದೆ. ಸಮೀಕ್ಷೆ ಬಳಸಿದ ಅಳತೆಗೋಲು 11 ಗ್ರಾಂ ಹಿಮೋಗ್ಲೋಬಿನ್. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು 10.5ಕ್ಕೆ ಇಳಿಸಿತು, ಹಾಗಾಗಿ ಹೊಸ ಲೆಕ್ಕದಲ್ಲಿ ಸಂಖ್ಯೆ ಒಂದಿಷ್ಟು ಇಳಿಯಬಹುದು. ಎಷ್ಟೇ ಇಳಿದರೂ ನೆಮ್ಮದಿಯಿಂದ ಕೂರುವಂಥ ಸ್ಥಿತಿ ಅದಲ್ಲ. ಈ ವಯಸ್ಸಿನಲ್ಲಿ ಕಬ್ಬಿಣ ಬೇಕಾಗಿರುವುದು ರಕ್ತಕ್ಕೆ ಮಾತ್ರವಲ್ಲ, ಮಿದುಳಿಗೂ. ಬೆಟ್ಸಿ ಲೊಝೋಫ್ ಎಂಬ ಅಮೆರಿಕದ ವೈದ್ಯವಿಜ್ಞಾನಿ ಕೋಸ್ಟರಿಕಾ ದೇಶದ ಮಕ್ಕಳನ್ನು ಒಂದೆರಡು ವರ್ಷದ ಕೂಸುಗಳಿದ್ದಾಗಿನಿಂದ 19ನೆಯ ವಯಸ್ಸಿನವರೆಗೆ ಹಿಂಬಾಲಿಸಿ ನೋಡಿದರು. ಕೂಸಾಗಿದ್ದಾಗ ಕಬ್ಬಿಣದ ಕೊರತೆ ಬಹುಕಾಲ ಉಳಿದಿದ್ದವರು, ಆಮೇಲೆ ಔಷಧ ಕೊಟ್ಟು ರಕ್ತ ಸರಿಯಾದರೂ, ಬುದ್ಧಿಯ ಪರೀಕ್ಷೆಗಳಲ್ಲಿ ಓರಗೆಯವರಿಗಿಂತ ಹಿಂದೆ ಬಿದ್ದಿದ್ದರು. ಬಡ ಮನೆಗಳ ಮಕ್ಕಳಲ್ಲಿ ಆ ಅಂತರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋಯಿತು. ಹಾಲಿನ ವಿಷಯದಲ್ಲಿ ಮಕ್ಕಳ ಡಾಕ್ಟರು ಇಷ್ಟು ಹಟ ಹಿಡಿಯುವುದು ಇದಕ್ಕಾಗಿ.

ಬುತ್ತಿಯ ಗಾತ್ರವೂ ಎಲ್ಲ ಕೂಸುಗಳಿಗೆ ಒಂದೇ ಇರುವುದಿಲ್ಲ. ದಿನ ತುಂಬುವ ಮುಂಚೆ ಹುಟ್ಟಿದ್ದು, ತೂಕ ಕಡಿಮೆ ಇದ್ದದ್ದು, ಬಸಿರಿನಲ್ಲಿ ರಕ್ತ ಕಡಿಮೆಯಿದ್ದ ತಾಯಿಗೆ ಹುಟ್ಟಿದ್ದು ಅರ್ಧ ಬುತ್ತಿಯಲ್ಲೇ ಹೊರಟಿರುತ್ತವೆ. ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿಯನ್ನು ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಮಾಸಿನ ರಕ್ತ ಕೂಸಿಗೆ ಹರಿದು ಅದರ ಕಬ್ಬಿಣ ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದವರ ಜೊತೆಗೂಡಿ ರ‍್ಯಾಪಿಡ್‌ಐರನ್ ಎಂಬ ಅಧ್ಯಯನ ನಡೆಸಿದ್ದಾರೆ. ರಕ್ತ ಕಡಿಮೆಯಿರುವ ಬಸುರಿಯರಿಗೆ ಮಾತ್ರೆಯ ಬದಲು ಒಂದೇ ಸಲ ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟರೆ ತಾಯಿಗೂ ಕೂಸಿಗೂ ಏನು ಲಾಭ ಎಂದು ನೋಡುವ ಅಧ್ಯಯನ ಅದು. ಕೂಸಿನ ಹಾಲಿನ ಪ್ರಶ್ನೆ ಬಸಿರಿನಿಂದಲೇ ಶುರುವಾಗುತ್ತದೆ ಎಂಬುದು ನಮ್ಮ ಜಿಲ್ಲೆಯ ವೈದ್ಯರಿಗೆ ಚೆನ್ನಾಗಿ ಗೊತ್ತು.

ಕಬ್ಬಿಣದ ಮಾತು ಇಷ್ಟಾಯಿತು. ಮೂತ್ರಪಿಂಡದ ಮಾತು ಚಿಕ್ಕದು, ಆದರೆ ಮಾರ್ಚಿನಿಂದ ಮೇ ತನಕ ಕಾಯುವ ಅಥಣಿ, ಕಾಗವಾಡದ ಬಿಸಿಲಿಗೆ ಅದನ್ನು ಹೇಳಲೇಬೇಕು. ಆಕಳ ಹಾಲಿನ ಪ್ರೋಟೀನು, ಉಪ್ಪು, ರಂಜಕ ಕರಗಿ ಉಳಿಯುವ ಕಸವನ್ನು ಮೂತ್ರದಲ್ಲಿ ಹೊರಹಾಕಬೇಕು. ತಾಯಿಯ ಹಾಲಿಗೆ ಹೋಲಿಸಿದರೆ ಈ ಹೊರೆ ಮೂರು ಪಟ್ಟಿಗೂ ಹೆಚ್ಚು. ದೊಡ್ಡವರಂತೆ ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸುವ ಶಕ್ತಿ ಎಳೆಯ ಮೂತ್ರಪಿಂಡಕ್ಕಿಲ್ಲ. ಜ್ವರವೋ ಭೇದಿಯೋ ಬಂದು ನೀರು ಕಡಿಮೆಯಾದಾಗ ಇದೇ ಹೊರೆ ಕೂಸನ್ನು ಬೇಗ ಒಣಗಿಸುತ್ತದೆ.

ಹಾಗಾದರೆ ನೀರು ಬೆರೆಸಿ ತೆಳ್ಳಗೆ ಮಾಡಿದರೆ? ಹಿರಿಯರ ಉಪಾಯ ಇದೇ, ಒಂದು ಕಾಲಕ್ಕೆ ಆರೋಗ್ಯ ಸಂಸ್ಥೆಗಳೂ ಹಾಲು, ನೀರು, ಸಕ್ಕರೆಯ ಅಳತೆ ಹೇಳಿಕೊಡುತ್ತಿದ್ದವು. 2006ರ ಸುಮಾರಿಗೆ ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳೊಳಗಿನ ಕೂಸಿಗೆ ಮನೆಯಲ್ಲೇ ಹೀಗೆ ಬೆರೆಸಿದ ಹಾಲನ್ನು ಕೈಬಿಟ್ಟಿತು. ನೀರು ಬೆರೆಸಿದರೆ ಉಪ್ಪು, ಪ್ರೋಟೀನು ತೆಳುವಾಗುವುದು ನಿಜ. ಜೊತೆಗೆ ಶಕ್ತಿಯೂ, ಮೊದಲೇ ಕಡಿಮೆಯಿದ್ದ ಕಬ್ಬಿಣವೂ, ಜೀವಸತ್ವಗಳೂ ತೆಳುವಾಗುತ್ತವೆ. ಬೆರೆಸುವ ನೀರು ಕುದಿಸಿ ಆರಿಸಿದ್ದಲ್ಲದಿದ್ದರೆ ಭೇದಿ ಅದರೊಳಗೇ ಬರುತ್ತದೆ. ನದಿಯ ನೀರು ಏರುವ ಮಳೆಗಾಲದಲ್ಲಿ ದಂಡೆಯ ಊರುಗಳ ಬಾವಿ, ಬೋರಿನ ನೀರಿನ ಸ್ಥಿತಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಾದ ಈಚೆಗೆ ಜೋರಾಗಿದೆ: ಎಚ್‌ಎಫ್, ಜರ್ಸಿ ಬೇಡ, ಜವಾರಿ ಆಕಳ ಹಾಲಾದರೆ ತಾಯಿಯ ಹಾಲಿಗೆ ಸಮ, ಅದು ಎ2 ಹಾಲು ಎನ್ನುತ್ತಾರೆ. ಖಿಲಾರಿಯ ಮೇಲೆ, ಕೃಷ್ಣಾ ಕಣಿವೆಯ ತಳಿಯ ಮೇಲೆ ಈ ಸೀಮೆಯವರಿಗಿರುವ ಅಭಿಮಾನ ನನಗೂ ಇದೆ. ಆದರೆ ಎ1, ಎ2 ಎಂಬ ವ್ಯತ್ಯಾಸ ಬೀಟಾ-ಕೇಸಿನ್ ಎಂಬ ಒಂದು ಪ್ರೋಟೀನಿನ ಸರಪಳಿಯಲ್ಲಿ ಒಂದೇ ಒಂದು ಕೊಂಡಿಯದು, 67ನೆಯ ಕೊಂಡಿಯದು. ಅದು ಬದಲಾದರೆ ಹಾಲಿಗೆ ಕಬ್ಬಿಣ ಬರುವುದಿಲ್ಲ, ಪ್ರೋಟೀನು ಒಂದು ಗ್ರಾಮಿಗೆ ಇಳಿಯುವುದಿಲ್ಲ, ಮೂತ್ರಪಿಂಡದ ಹೊರೆ ತಗ್ಗುವುದಿಲ್ಲ. ಜವಾರಿ ಆಕಳ ಹಾಲಿಗೂ ವರ್ಷ ತುಂಬಬೇಕು.

ಆಡಿನ ಹಾಲು ಹಗುರ ಎಂಬ ನಂಬಿಕೆ ಕುರಿಗಾರರ ಮನೆಗಳಲ್ಲಿ ಗಟ್ಟಿಯಾಗಿದೆ. ಆಡಿನ ಹಾಲಿನಲ್ಲಿ ಕಬ್ಬಿಣದ ಜೊತೆಗೆ ಫೋಲೇಟ್ ಎಂಬ ಜೀವಸತ್ವವೂ ತೀರ ಕಡಿಮೆ. ಅದನ್ನೇ ಕುಡಿದು ಬೆಳೆದ ಕೂಸಿಗೆ ಬರುವ ರಕ್ತಹೀನತೆಯನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅದರಲ್ಲೂ ಕರೆದ ಹಾಲನ್ನು ಕಾಯಿಸದೆ ಬಾಯಿಗೆ ಹಿಡಿಯುವ ರೂಢಿ ಅಪಾಯದ್ದು. ಅಥಣಿಗೆ ಹೊಂದಿಕೊಂಡಿರುವ ವಿಜಯಪುರ ಜಿಲ್ಲೆಯಲ್ಲಿ ಡಾ. ಬಿ. ಜಿ. ಮಂಟೂರ ಮತ್ತು ಸಂಗಡಿಗರು 93 ಮಕ್ಕಳಲ್ಲಿ ಬ್ರೂಸೆಲ್ಲಾ ಜ್ವರ ಪತ್ತೆಹಚ್ಚಿ 2004ರಲ್ಲಿ ವರದಿ ಮಾಡಿದ್ದರು. ವಾರಗಟ್ಟಲೆ ಬಿಡದ ಜ್ವರ, ಕೀಲುನೋವು ತರುವ ಈ ರೋಗ ದನ, ಆಡು, ಕುರಿಗಳಿಂದ, ಅವುಗಳ ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಹಾಲನ್ನು ಚೆನ್ನಾಗಿ ಉಕ್ಕಿಸಿದರೆ ರೋಗಾಣು ಸಾಯುತ್ತದೆ. ಒಂದು ವರ್ಷ ದಾಟಿದ ಮಗುವಿಗೂ, ಹತ್ತು ವರ್ಷದ ಮಗುವಿಗೂ ಹಸಿ ಹಾಲು ಬೇಡ.

ಇಲ್ಲಿಯವರೆಗೆ ಹೇಳಿದ್ದಕ್ಕೆ ತುಸು ಬೇರೆ ದನಿಯ ಮಾತೊಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದಿದೆ. 2023ರ ಮಾರ್ಗಸೂಚಿಯಲ್ಲಿ ಅದು, ತಾಯಿಯ ಹಾಲು ಸಿಗದ ಆರರಿಂದ ಹನ್ನೊಂದು ತಿಂಗಳ ಕೂಸಿಗೆ ಡಬ್ಬಿಯ ಹಾಲಿನ ಪುಡಿಯನ್ನಾದರೂ ಕೊಡಬಹುದು, ಪ್ರಾಣಿಯ ಹಾಲನ್ನಾದರೂ ಕೊಡಬಹುದು ಎಂದಿದೆ. ಇದನ್ನು ಓದಿದವರು "ಆರು ತಿಂಗಳಿಗೇ ಆಕಳ ಹಾಲು ಕೊಡಬಹುದಂತೆ" ಎಂದು ಅರ್ಧ ಮಾತು ಹಿಡಿದು ಹೊರಡಬಾರದು. ಆ ಮಾತು ತಾಯಿಯ ಹಾಲು ಇಲ್ಲವೇ ಇಲ್ಲದ ಕೂಸಿನದು. ಡಬ್ಬಿಯ ಪುಡಿಯಲ್ಲಿ ಕಬ್ಬಿಣ ಸೇರಿಸಿರುತ್ತಾರೆ, ಹಾಗಾಗಿ ರಕ್ತದ ದೃಷ್ಟಿಯಿಂದ ಅದು ಮೇಲು. ಆದರೆ ಬಡವರ ಮನೆಯಲ್ಲಿ ಡಬ್ಬಿ ಬೇಗ ಖಾಲಿಯಾಗಬಾರದೆಂದು ಪುಡಿ ಕಡಿಮೆ, ನೀರು ಹೆಚ್ಚು ಹಾಕುವುದು ನಡೆದೇ ಇದೆ. ಆ ತೆಳು ನೀರು ಕುಡಿದ ಕೂಸು ಸೊರಗುತ್ತದೆ. ನನ್ನ ತಿಳಿವಳಿಕೆಯಲ್ಲಿ ಸರಿಯಾದ ಕ್ರಮ ಹೀಗೆ: ಆರು ತಿಂಗಳೊಳಗೆ ತಾಯಿಯ ಹಾಲು ಇಲ್ಲವೆಂದಾದರೆ ಮಕ್ಕಳ ಡಾಕ್ಟರನ್ನು ಕೇಳದೆ ಏನನ್ನೂ ಶುರುಮಾಡಬಾರದು. ಆರು ತಿಂಗಳ ಮೇಲಾಗಿ, ಡಬ್ಬಿಯನ್ನು ಅಳತೆ ಪ್ರಕಾರ ಕೊಡುವಷ್ಟು ಅನುಕೂಲವಿಲ್ಲದಿದ್ದರೆ, ಚೆನ್ನಾಗಿ ಕಾಯಿಸಿದ, ನೀರು ಬೆರೆಸದ ಆಕಳ ಹಾಲನ್ನು ಬಟ್ಟಲು-ಚಮಚದಲ್ಲಿ ಕೊಡುವುದು, ಅದರ ಜೊತೆ ಕಬ್ಬಿಣದ ಹನಿಯನ್ನೂ ಕಬ್ಬಿಣವಿರುವ ಊಟವನ್ನೂ ತಪ್ಪಿಸದಿರುವುದು ಮೇಲು. ತಾಯಿಯ ಹಾಲು ಇರುವ ಮನೆಗೆ ಈ ಗೊಂದಲವೇ ಬೇಡ.

ಆರು ತಿಂಗಳಾದ ಮೇಲೆ ಊಟ ಏನಿರಬೇಕು? ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ. ವರ್ಷದ ಹೊತ್ತಿಗೆ ಮುಕ್ಕಾಲು ಬಟ್ಟಲು. ಅದು ಚಮಚದಿಂದ ಜಾರಿ ಬೀಳದಷ್ಟು ಮಂದವಾಗಿರಬೇಕು. ಇಲ್ಲಿ ಕೂಸಿಗೆ ಮೊದಲು ಕೊಡುವುದು ಬ್ಯಾಳಿಯ ಕಟ್ಟು, ಗಂಜಿಯ ತಿಳಿ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಸತ್ವವೆಲ್ಲ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಕಟ್ಟು ದೊಡ್ಡವರ ಸಾರಿಗಿರಲಿ, ತಳದ ಬೇಳೆಯನ್ನು ಹಿಸುಕಿ ಕೂಸಿಗೆ ಕೊಡಬೇಕು. ಹೆಸರು, ಮಡಕಿ ಕಾಳು, ಕಡಲೆ, ನುಣ್ಣಗೆ ಕುಟ್ಟಿದ ಶೇಂಗಾ, ರಾಜಗಿರಿ ಮತ್ತು ಮೆಂತೆಯ ಸೊಪ್ಪು, ಮೇಲೊಂದು ಹನಿ ಲಿಂಬೆರಸ. ಲಿಂಬೆಯಲ್ಲಿರುವ ಸಿ ಜೀವಸತ್ವ ಕಾಳಿನ ಕಬ್ಬಿಣವನ್ನು ಕರುಳು ಹೀರುವಂತೆ ಮಾಡುತ್ತದೆ. ತಿನ್ನುವ ಮನೆಯಾದರೆ ತತ್ತಿ, ಮೆತ್ತಗೆ ಬೇಯಿಸಿದ ಮಾಂಸ, ಆಡಿನ ಲಿವರ್. ಮಾಂಸದ ಕಬ್ಬಿಣ ಕಾಳಿನದಕ್ಕಿಂತ ಹಲವು ಪಟ್ಟು ಸುಲಭವಾಗಿ ಮೈಗೆ ಸೇರುತ್ತದೆ. ಅಂಗನವಾಡಿಯಿಂದ ಬರುವ ಪುಷ್ಟಿ ಪುಡಿ ಮನೆಯ ದೊಡ್ಡ ಮಕ್ಕಳ ಪಾಲಾಗದೆ ಕೂಸಿಗೇ ಸಿಗಬೇಕು.

ಸಜ್ಜೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ. ಎಸ್. ಕೊಡಕಣಿ ಮತ್ತು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ಎರಡು ವರ್ಷದ 40 ಮಕ್ಕಳಿಗೆ ಸಜ್ಜೆಯ ತಿನಿಸು ಉಣಿಸಿ, ಎಷ್ಟು ಕಬ್ಬಿಣ ಮೈಗೆ ಸೇರುತ್ತದೆ ಎಂದು ಅಳೆದರು. ಅರ್ಧದಷ್ಟು ಮಕ್ಕಳಿಗೆ ಸಾಮಾನ್ಯ ಸಜ್ಜೆ, ಉಳಿದವರಿಗೆ ಹೆಚ್ಚು ಕಬ್ಬಿಣ, ಸತು ಇರುವಂತೆ ಬೆಳೆಸಿದ ತಳಿಯ ಸಜ್ಜೆ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾಮಾನ್ಯ ಸಜ್ಜೆ ತಿಂದವರ ಮೈಗೆ ದಿನಕ್ಕೆ 0.23 ಮಿಲಿಗ್ರಾಂ ಕಬ್ಬಿಣ ಸೇರಿದ್ದರೆ, ಹೊಸ ತಳಿಯದನ್ನು ತಿಂದವರಿಗೆ 0.67 ಮಿಲಿಗ್ರಾಂ, ಅಂದರೆ ಸುಮಾರು ಮೂರು ಪಟ್ಟು. ಒಂದು ಲೀಟರ್ ಆಕಳ ಹಾಲು ಕುಡಿದರೂ ಮೈಗೆ ಸೇರುವ ಕಬ್ಬಿಣ 0.05 ಮಿಲಿಗ್ರಾಂ ಆಸುಪಾಸು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಜ್ಜೆ ಅಥಣಿಯ ಮಡ್ಡಿ ಹೊಲದ ಪೈರು. ಕಬ್ಬಿನ ಕಾಲುವೆ ಬಂದಲ್ಲೆಲ್ಲ ಅದು ಹಿಂದೆ ಸರಿದಿದೆ. ಧನಶಕ್ತಿ ಎಂಬ ಹೆಚ್ಚು ಕಬ್ಬಿಣದ ಸಜ್ಜೆಯ ತಳಿ ಪಕ್ಕದ ಮಹಾರಾಷ್ಟ್ರದಲ್ಲಿ 2012ರಲ್ಲೇ ಬಿಡುಗಡೆಯಾಗಿದೆ. ಹೊಲದ ಒಂದು ಮಗ್ಗುಲಲ್ಲಿ ನಾಲ್ಕು ಸಾಲು ಸಜ್ಜೆ ಹಾಕಿಕೊಂಡರೆ ಮನೆಯ ಕೂಸಿನ ಗಂಜಿಗೆ, ದೊಡ್ಡವರ ರೊಟ್ಟಿಗೆ ಸಾಕಾದೀತು.

ಇನ್ನು ಚಹಾ. ಗಡಿಭಾಗದಲ್ಲಿ ಬೆಳಗಾದರೆ ಚಹಾ, ಮಧ್ಯಾಹ್ನ ಚಹಾ, ಯಾರಾದರೂ ಬಂದರೆ ಚಹಾ. ತೊಡೆಯ ಮೇಲಿನ ಕೂಸಿಗೂ ಬಶಿಯಲ್ಲಿ ಆರಿಸಿದ ಚಹಾದಲ್ಲಿ ಬಿಸ್ಕಿಟು ಅದ್ದಿ ಬಾಯಿಗಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಚಹಾದ ಒಗರು ಕಾಳಿನ ಕಬ್ಬಿಣವನ್ನು ಕಟ್ಟಿಹಾಕಿ ಕರುಳಿನಿಂದ ಹಾಗೇ ಹೊರಗೆ ದಾಟಿಸುತ್ತದೆ. ಎಮ್ಮೆ ಹಾಲು, ಚಹಾ, ಬಿಸ್ಕಿಟು ಈ ಮೂರರಲ್ಲೇ ದಿನ ಕಳೆಯುವ ಒಂದೂವರೆ ವರ್ಷದ ಮಗುವಿಗೆ ರಕ್ತ ಎಲ್ಲಿಂದ ಬರಬೇಕು?

ವರ್ಷ ತುಂಬಿತೆನ್ನಿ. ಈಗ ಹಾಲು ಒಳ್ಳೆಯದೇ. ಕ್ಯಾಲ್ಸಿಯಂ, ಪ್ರೋಟೀನು, ಬಿ12 ಜೀವಸತ್ವ, ಅದರಲ್ಲೂ ಮಾಂಸ ತಿನ್ನದ ಮನೆಯ ಮಗುವಿಗೆ ಅದು ದೊಡ್ಡ ಆಸರೆ. ಕರ್ನಾಟಕ 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಯೋಜನೆ ತಂದು ಶಾಲೆ, ಅಂಗನವಾಡಿಗಳ ಮಕ್ಕಳಿಗೆ ಲೋಟಕ್ಕೆ 150 ಮಿಲಿಲೀಟರ್ ಹಾಲು ಕೊಡತೊಡಗಿದ್ದು ಇದಕ್ಕಾಗಿಯೇ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 300ರಿಂದ 400 ಮಿಲಿಲೀಟರ್ ಸಾಕು, ಅರ್ಧ ಲೀಟರ್ ದಾಟಬಾರದು. ತಾಯಿಯ ಹಾಲು ಮುಂದುವರಿದಿದ್ದರೆ ಅದಕ್ಕಿಂತ ಕಡಿಮೆಯಾದರೂ ನಡೆಯುತ್ತದೆ. ಊಟ ಮೊದಲು, ಹಾಲು ಆಮೇಲೆ. ಎರಡರ ನಡುವೆ ಒಂದೆರಡು ತಾಸು ಇರಲಿ. ಹಾಲಿನಲ್ಲಿ ರೊಟ್ಟಿ ಮುರಿದು ಕಿವುಚಿ ಮೂರೂ ಹೊತ್ತು ಅದನ್ನೇ ಉಣಿಸಿದರೆ ಮತ್ತೆ ಮೊದಲಿನ ತೊಂದರೆಗೇ ಬಂದಂತೆ. ಮನೆಯ ಎಮ್ಮೆ ಹಾಲಾದರೆ ಕಾಯಿಸಿ ಆರಿಸಿ ಮೇಲಿನ ಕೆನೆ ತೆಗೆದು ಕೊಡಬಹುದು, ನೀರು ಬೇಕಿಲ್ಲ. ಪಾಕೀಟಿನ ಹಾಲು ತರುವವರು ಶೇಕಡಾ 1.5 ಕೊಬ್ಬಿನ ಡಬಲ್ ಟೋನ್ಡ್ ಹಾಲನ್ನು ಎರಡು ವರ್ಷದೊಳಗಿನ ಮಗುವಿಗೆ ಕೊಡಬಾರದು. ಆ ವಯಸ್ಸಿನ ಮಿದುಳಿಗೆ ಕೊಬ್ಬು ಬೇಕು. ಸಕ್ಕರೆ ಬೇಡ. ಮೊದಲ ಸಲ ಕುಡಿಸಿದಾಗ ಮೈಮೇಲೆ ದದ್ದು, ವಾಂತಿ, ಉಬ್ಬಸ, ಮಲದಲ್ಲಿ ರಕ್ತ ಕಂಡರೆ ಅದು ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು. ಹಾಲು ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು; ಮುಖ, ತುಟಿ ಊದಿ ಉಸಿರಿಗೆ ಕಷ್ಟವಾದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬಾಟಲಿಯನ್ನಂತೂ ಮನೆಯೊಳಗೆ ತರಲೇಬಾರದು ಎನ್ನುವವ ನಾನು. ನಿಪ್ಪಲಿನ ಸಂದಿಯಲ್ಲಿ ಉಳಿದ ಹಾಲು ಭೇದಿಯ ಮೂಲ, ರಾತ್ರಿ ಬಾಯಲ್ಲೇ ಬಿಟ್ಟ ಬಾಟಲಿ ಹಲ್ಲು ಹುಳುಕಿನ ಮೂಲ. ಬಾಟಲಿಯಿಂದ ಒಂದು ವರ್ಷದ ಮಗು ಮುಕ್ಕಾಲು ಲೀಟರ್ ಹಾಲು ಸಲೀಸಾಗಿ ಇಳಿಸುತ್ತದೆ, ಬಟ್ಟಲಿನಿಂದ ಅಷ್ಟು ಕುಡಿಯಲಾರದು. ಹಾಲಿನ ಪುಡಿ, ಬಾಟಲಿಗಳ ಜಾಹೀರಾತನ್ನು ನಮ್ಮ ದೇಶ 1992ರ ಕಾಯ್ದೆಯಲ್ಲೇ ನಿಷೇಧಿಸಿದೆ.

ಇಷ್ಟೆಲ್ಲ ಪಾಲಿಸುವುದು ಮನೆಯಲ್ಲಿರುವ ತಾಯಿಗೆ ಸುಲಭ. ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಗಳಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಕೂಸಿಗೆ ಎದೆಗೊಡುವ ಒಂದೊಂದು ಅರ್ಧ ತಾಸೂ ಕೂಲಿಯಿಂದ ಕಳೆಯುತ್ತದೆ. ಅವಳ ಕೈಗಂಟಿದ ತಂಬಾಕನ್ನು ಸಾಬೂನಿನಿಂದ ತೊಳೆದೇ ಕೂಸನ್ನು ಎತ್ತಿಕೊಳ್ಳಬೇಕು, ಅದಕ್ಕೂ ಹೊತ್ತು ಬೇಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರ ಕಡೆಯಿಂದ ಬರುವ ಗ್ಯಾಂಗುಗಳ ತಾಯಂದಿರು ನಸುಕಿನಲ್ಲೇ ಹೊಲಕ್ಕಿಳಿಯುತ್ತಾರೆ. ಕೂಸು ಬದುವಿನ ಮೇಲಿನ ಜೋಲಿಯಲ್ಲಿ, ಅದರ ಕಾವಲಿಗೆ ಆರು ವರ್ಷದ ಅಕ್ಕ. ಅಲ್ಲಿ ದನದ ಹಾಲು ಬಾಟಲಿಗೆ ಬರುವುದು ತಿಳಿಗೇಡಿತನದಿಂದಲ್ಲ. ಕೈಯಿಂದ ಹಿಂಡಿ ತೆಗೆದ ತಾಯಿಯ ಹಾಲು ಮುಚ್ಚಳವಿರುವ ಶುಚಿಯಾದ ಸ್ಟೀಲ್ ಬಟ್ಟಲಲ್ಲಿ, ತಂಪಾದ ನೆರಳಿನಲ್ಲಿ ಸುಮಾರು ನಾಲ್ಕು ತಾಸು ಕೆಡುವುದಿಲ್ಲ. ಮನೆಯಲ್ಲಿ ಅಜ್ಜಿ ಅದನ್ನು ಒಳಲೆಯಲ್ಲೋ ಚಮಚದಲ್ಲೋ ಕುಡಿಸಬಹುದು ಎಂಬುದನ್ನು ಆಶಾ ಕಾರ್ಯಕರ್ತೆಯರು ಹೇಳಿಕೊಟ್ಟರೆ ಮನೆಯಲ್ಲಿ ಅಜ್ಜಿ ಇರುವವರಿಗೆ ಉಪಯೋಗ. ರಾಜ್ಯ ಸರ್ಕಾರ 2023ರಲ್ಲಿ ನರೇಗಾ ಕೂಲಿಯವರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿ ತೆರೆಯುತ್ತಲೂ ಬಂತು. ಕಬ್ಬಿನ ಗ್ಯಾಂಗಿನ ಮಕ್ಕಳಿಗೂ ಹಂಗಾಮಿನ ನಾಲ್ಕೈದು ತಿಂಗಳು ಅಂಥದೊಂದು ಸೂರು, ಬಿಸಿ ಊಟ ಬೇಕು. ಸಾವಿರಾರು ಟನ್ ಕಬ್ಬು ನುರಿಸುವ ಕಾರ್ಖಾನೆಗಳಿಗೆ ಇದು ಭಾರವಾಗದು.

ಈಗಾಗಲೇ ಎಂಟೋ ಹತ್ತೋ ತಿಂಗಳ ಕೂಸಿಗೆ ಎಮ್ಮೆ ಹಾಲು ರೂಢಿಯಾಗಿರುವ ಮನೆಯವರು ಇದನ್ನೋದಿ ಗಾಬರಿಯಾಗಬಾರದು. ನಿಂತುಹೋಗಿದೆ ಎಂದುಕೊಂಡ ತಾಯಿಯ ಹಾಲು, ಕೂಸನ್ನು ಮತ್ತೆ ಮತ್ತೆ ಎದೆಗೆ ಹಚ್ಚುತ್ತಿದ್ದರೆ ಮರಳಿ ಬರುವುದುಂಟು. ಹಾಲಿನ ಸರದಿಗಳಲ್ಲಿ ಒಂದೊಂದನ್ನೇ ತೆಗೆದು ಆ ಹೊತ್ತಿಗೆ ಗಟ್ಟಿ ಊಟ ತರಬೇಕು. ಮೊದಲ ನಾಲ್ಕು ದಿನ ಕೂಸು ಉಗುಳುತ್ತದೆ, ಆಮೇಲೆ ಹಸಿವೇ ಅದಕ್ಕೆ ಕಲಿಸುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. 2018ರಲ್ಲಿ ಶುರುವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಡಿ ಆರು ತಿಂಗಳಿಂದ ಐದು ವರ್ಷದ ಎಲ್ಲ ಮಕ್ಕಳಿಗೂ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಇದೆ, ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಕಬ್ಬಿಣ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಬಹುದು. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ಬಾಟಲಿಯನ್ನು ಗೂಡಿನಲ್ಲಿಟ್ಟು ಮರೆಯಬಾರದು. ಊಟವಾದ ಮೇಲೆ ಕೊಡಬೇಕು, ಹಾಲಿನ ಜೊತೆ ಕೊಡಬಾರದು. ರಕ್ತ ತೀರ ಕಡಿಮೆಯಿದ್ದರೆ ಈ ಪ್ರಮಾಣ ಸಾಲದು, ದಿನವೂ ಔಷಧ ಬೇಕಾಗುತ್ತದೆ, ಅದನ್ನು ಡಾಕ್ಟರು ಕೂಸಿನ ತೂಕ ನೋಡಿ ಬರೆದುಕೊಡುತ್ತಾರೆ. ಹಿಮೋಗ್ಲೋಬಿನ್ ಏರಿತೆಂದು ತಿಳಿದ ದಿನವೇ ಔಷಧ ನಿಲ್ಲಿಸದೆ, ಅವರು ಹೇಳಿದಷ್ಟು ಕಾಲ ಪೂರ್ತಿ ಕೊಡಬೇಕು.